ಮಡಕೆಯ ನೀರು ತಣ್ಣಗೇಕೆ: ಒಂದೇ ಪಾಠದಲ್ಲಿ ಸಮಸ್ಯೆ, ಚರ್ಚೆ, ಮಕ್ಕಳ ಸಂಶೋಧನೆ

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. 52 ಮಕ್ಕಳು, 40 ನಿಮಿಷದ ಪೀರಿಯಡ್. ಸಮಸ್ಯಾ ಪರಿಹಾರ ವಿಧಾನ, ಚರ್ಚಾ ವಿಧಾನ, ಕಲಿಕಾರ್ಥಿ ಸಂಶೋಧನೆ ಎಲ್ಲವನ್ನೂ ಬಿ.ಎಡ್.ನಲ್ಲಿ ಓದಿದ್ದೇನೆ. ತರಗತಿಯಲ್ಲಿ ಮಾಡಲು ಹೋದರೆ ಸಮಸ್ಯೆ ಕೊಟ್ಟಾಗ ನಾಲ್ಕು ಜನ ಬಿಡಿಸುತ್ತಾರೆ, ಉಳಿದವರು ನೋಡಿ ಬರೆಯುತ್ತಾರೆ. ಚರ್ಚೆ ಎಂದರೆ ಗದ್ದಲ. ಸಂಶೋಧನೆ ಎಂದರೆ ಅಂಗಡಿಯ ಚಾರ್ಟು, ಮೊಬೈಲಿನಿಂದ ಇಳಿಸಿದ ಎರಡು ಪುಟ. ಪೋರ್ಷನ್ ಹಿಂದೆ ಬೀಳುತ್ತದೆ. ಯಾವುದಾದರೂ ಒಂದು ಪಾಠ ಹಿಡಿದು, ಹೇಗೆ ಮಾಡಬೇಕೆಂದು ವಿವರವಾಗಿ ಹೇಳಬಹುದೇ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಿಗೂ ಬೇರು ಒಂದೇ. ಕೊಟ್ಟ ಪ್ರಶ್ನೆ ಸಿಕ್ಕಿದ ಸಮಯಕ್ಕಿಂತ ದೊಡ್ಡದಾಗಿರುತ್ತದೆ, ಮತ್ತು ಬೆಲ್ ಹೊಡೆಯುವ ಹೊತ್ತಿಗೆ ಪ್ರತಿ ಮಗುವಿನ ಕೈಬರಹದಲ್ಲಿ ಏನೂ ಉಳಿದಿರುವುದಿಲ್ಲ. "ನೀರಿನ ಮಾಲಿನ್ಯದ ಬಗ್ಗೆ ಚರ್ಚಿಸಿ" ಎಂದರೆ ಹತ್ತು ನಿಮಿಷದಲ್ಲಿ ಯಾರೂ ಎಲ್ಲಿಗೂ ತಲುಪಲಾರರು. ಬಾಯಿ ಇದ್ದವರು ಮಾತಾಡುತ್ತಾರೆ, ಉಳಿದವರು ಕಾಯುತ್ತಾರೆ. ಆದ್ದರಿಂದ ವಿಧಾನದ ಹೆಸರನ್ನು ಬದಿಗಿಟ್ಟು ಪಾಠ ಯೋಜಿಸುವಾಗ ಎರಡನ್ನೇ ಕೇಳಿಕೊಳ್ಳಿ: ಪ್ರಶ್ನೆ ಎಷ್ಟು ಸಣ್ಣದು? ಮಾತು ಶುರುವಾಗುವ ಮೊದಲು ಮಗು ಏನನ್ನು ಬರೆದಿರುತ್ತದೆ?

ಒಂಬತ್ತನೇ ತರಗತಿಯ ಆವಿಯಾಗುವಿಕೆಯ ಭಾಗವನ್ನೇ ಹಿಡಿಯೋಣ. ಬೇಕಾಗುವುದು ಐದು ಪೀರಿಯಡ್. ಒಂದು ಸಮಸ್ಯೆಗೆ, ಒಂದು ಚರ್ಚೆಗೆ, ಒಂದು ಸಂಶೋಧನೆಯ ಯೋಜನೆಗೆ, ಎರಡು ಲೆಕ್ಕ ಮತ್ತು ವರದಿಗೆ. ಅಳತೆ ನಡೆಯುವುದು ಪೀರಿಯಡ್ಡುಗಳ ನಡುವೆ, ಇಡೀ ದಿನ.

ಮೊದಲ ಪೀರಿಯಡ್: ಒಣಗದ ಸಮವಸ್ತ್ರ

ಒಳ್ಳೆಯ ಸಮಸ್ಯೆಗೆ ಮೂರು ಗುಣ ಇರಬೇಕು. ಓದಿದ ಕೂಡಲೇ ಮಗುವಿಗೆ ಸಂದರ್ಭ ಕಣ್ಣಿಗೆ ಕಟ್ಟಬೇಕು, ಮೊದಲ ಹೆಜ್ಜೆಯನ್ನು ಎಲ್ಲರೂ ಇಡುವಂತಿರಬೇಕು, ಮತ್ತು ತಪ್ಪು ಉತ್ತರ ತಪ್ಪೆಂದು ಮಗುವಿಗೇ ಗೊತ್ತಾಗುವ ದಾರಿ ಅದರೊಳಗೇ ಇರಬೇಕು. ಹೀಗೆ ಬರೆಯಿರಿ:

"ಮಳೆಗಾಲ. ಸಂಜೆ 7 ಗಂಟೆಗೆ ಸಮವಸ್ತ್ರದ ಅಂಗಿ ಒಗೆದು, ಹಿಂಡಿ, ಹಗ್ಗದ ಮೇಲೆ ಎರಡು ಮಡಿಕೆಯಾಗಿ ಹಾಕಿದ್ದೀರಿ. ಒಣಗಿದ ಅಂಗಿಯ ತೂಕ 200 ಗ್ರಾಂ. 7 ಗಂಟೆಗೆ ಒದ್ದೆ ಅಂಗಿಯ ತೂಕ 400 ಗ್ರಾಂ, 8 ಗಂಟೆಗೆ 385 ಗ್ರಾಂ. ಇದೇ ವೇಗದಲ್ಲಿ ಒಣಗಿದರೆ ಬೆಳಿಗ್ಗೆ 8ರ ಬಸ್ಸಿಗೆ ಅಂಗಿ ಸಿದ್ಧವೇ? ಇಲ್ಲವಾದರೆ ಎರಡು ಉಪಾಯಗಳಿವೆ. ಹಗ್ಗಕ್ಕೆ ಹಾಕುವ ಮೊದಲು ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿದರೆ 80 ಗ್ರಾಂ ನೀರು ಹೋಗುತ್ತದೆ. ಹ್ಯಾಂಗರಿಗೆ ಹಾಕಿ ಅಗಲವಾಗಿ ಬಿಟ್ಟರೆ ಒಣಗುವ ವೇಗ ಎರಡರಷ್ಟಾಗುತ್ತದೆ. ಒಂದನ್ನೇ ಮಾಡಬಹುದಾದರೆ ಯಾವುದನ್ನು ಮಾಡುತ್ತೀರಿ?"

ಹೋಗಬೇಕಾದ ನೀರು 200 ಗ್ರಾಂ, ವೇಗ ಗಂಟೆಗೆ 15 ಗ್ರಾಂ. 13 ಗಂಟೆ 20 ನಿಮಿಷ ಬೇಕು, ಅಂದರೆ ಬೆಳಿಗ್ಗೆ 8.20. ಬಸ್ ತಪ್ಪಿತು. ಟವೆಲ್ ಉಪಾಯದಲ್ಲಿ ಉಳಿಯುವ ನೀರು 120 ಗ್ರಾಂ, 8 ಗಂಟೆಯಲ್ಲಿ, ಅಂದರೆ ಬೆಳಗಿನ ಜಾವ 3ಕ್ಕೆ ಒಣಗುತ್ತದೆ. ಹ್ಯಾಂಗರಿನಲ್ಲಿ 6 ಗಂಟೆ 40 ನಿಮಿಷ, ರಾತ್ರಿ 1.40ಕ್ಕೆ. ಎರಡನ್ನೂ ಮಾಡಿದರೆ 4 ಗಂಟೆ, ಮಲಗುವ ಹೊತ್ತಿಗೇ, 11ಕ್ಕೆ ಸಿದ್ಧ.

ತರಗತಿಗೆ ಹೋಗುವ ಮೊದಲು ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂದು ನೀವೇ ಬರೆದಿಟ್ಟುಕೊಳ್ಳಿ. ತಯಾರಿಯಲ್ಲಿ ಇದಕ್ಕಿಂತ ಬೆಲೆಬಾಳುವ ಹತ್ತು ನಿಮಿಷ ಇನ್ನೊಂದಿಲ್ಲ. ಈ ಲೆಕ್ಕದಲ್ಲಿ ಮೂರು ಗುಂಡಿಗಳಿವೆ. 400ನ್ನು 15ರಿಂದ ಭಾಗಿಸುವವರು ಅಂಗಿಯನ್ನೂ ಸೇರಿಸಿ ಆವಿ ಮಾಡುತ್ತಿದ್ದಾರೆ. 13.33 ಗಂಟೆ ಎಂದರೆ 13 ಗಂಟೆ 33 ನಿಮಿಷ ಎಂದುಕೊಳ್ಳುವವರಿಗೆ ದಶಮಾಂಶದಲ್ಲಿ ತೊಡಕಿದೆ, ವಿಜ್ಞಾನದಲ್ಲಲ್ಲ. 200 ಗ್ರಾಮಿನ ಲೆಕ್ಕ ಮಾಡಿ ಸಮಯವನ್ನು 8 ಗಂಟೆಯಿಂದ ಎಣಿಸುವವರು 9.20 ಎನ್ನುತ್ತಾರೆ. ಮೂರೂ ತಪ್ಪೇ, ಆದರೆ ಮೂರಕ್ಕೂ ಮದ್ದು ಬೇರೆ. ಉತ್ತರವನ್ನಷ್ಟೇ ನೋಡಿ ಅಡ್ಡಗೀಟು ಹಾಕಿದರೆ ಈ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಸಮಸ್ಯೆ ಬಿಡಿಸುವುದನ್ನು ನಾಲ್ಕು ಹೆಜ್ಜೆಗಳಾಗಿ ವಿಂಗಡಿಸಿದರು: ಅರ್ಥಮಾಡಿಕೊಳ್ಳುವುದು, ಉಪಾಯ ಹೂಡುವುದು, ಮಾಡುವುದು, ಹಿಂತಿರುಗಿ ನೋಡುವುದು. ನಮ್ಮ ಮಕ್ಕಳು ಮೊದಲನೆಯದನ್ನೂ ಕೊನೆಯದನ್ನೂ ಹಾರಿಬಿಡುತ್ತಾರೆ. ಹಾಗಾಗಿ ಪುಟವನ್ನು ನಾಲ್ಕು ಭಾಗ ಮಾಡಿಸಿ. ಮೊದಲ ಚೌಕದಲ್ಲಿ ಅಂಕಿಗಳನ್ನು ಬಳಸದೆ, ತಮ್ಮ ಮಾತಿನಲ್ಲಿ, "ಏನು ಕಂಡುಹಿಡಿಯಬೇಕು, ಏನು ಗೊತ್ತಿದೆ" ಎಂದು ಬರೆಯಬೇಕು. ನಾಲ್ಕನೆಯದರಲ್ಲಿ "ಈ ಉತ್ತರ ನಂಬುವಂತಿದೆಯೇ, ಏಕೆ" ಎಂದು ಒಂದು ಸಾಲು. 26 ಗಂಟೆ 40 ನಿಮಿಷ ಎಂದು ಬರೆದ ಮಗು ಈ ಸಾಲಿಗೆ ಬಂದಾಗ ತಾನೇ ನಿಲ್ಲುತ್ತದೆ.

ಸಮಯ ಹೀಗೆ ಹಂಚಿ. ಮೊದಲ 5 ನಿಮಿಷ ಒಬ್ಬೊಬ್ಬರೇ, ಮಾತಿಲ್ಲದೆ, ಮೊದಲ ಚೌಕ ಮಾತ್ರ. ನಂತರ 12 ನಿಮಿಷ ಪಕ್ಕದವರೊಂದಿಗೆ ಜೋಡಿಯಾಗಿ. ಆಮೇಲೆ 8 ನಿಮಿಷ ಬೋರ್ಡಿನ ಮೇಲೆ ಹೆಸರು ಹೇಳದೆ ಮೂರು ಉತ್ತರ, ಎರಡು ತಪ್ಪು, ಒಂದು ಸರಿ. ಎಲ್ಲಿ ದಾರಿ ತಪ್ಪಿತೆಂದು ಮಕ್ಕಳೇ ಹೇಳಬೇಕು. ಮುಂದಿನ 10 ನಿಮಿಷ ನಿಮ್ಮ ವಿವರಣೆ: ಮೇಲ್ಮೈ, ತಾಪ, ಗಾಳಿಯ ವೇಗ, ತೇವಾಂಶ. ಕೊನೆಯ 5 ನಿಮಿಷದಲ್ಲಿ ಅಂಕಿ ಬದಲಿಸಿದ ಇನ್ನೊಂದು ಲೆಕ್ಕ, ಒಬ್ಬೊಬ್ಬರೇ. ನೋಡಿ ಬರೆಯುವ ಚಾಳಿ ನಿಲ್ಲುವುದು ಈ ಕೊನೆಯ ಲೆಕ್ಕದಿಂದ. ಬಲಗಡೆ ಕುಳಿತವರಿಗೆ ಒಂದು ಅಂಕಿ, ಎಡಗಡೆಯವರಿಗೆ ಇನ್ನೊಂದು ಕೊಡಿ.

ಜೋಡಿ ಸಾಕು, ಆರು ಜನರ ಗುಂಪು ಬೇಡ. ಆರು ಜನರಲ್ಲಿ ಒಬ್ಬನ ಕೈಯಲ್ಲಿ ಪೆನ್ನು, ಐವರಿಗೆ ಕೆಲಸವಿಲ್ಲ.

ಸಿಕ್ಕಿಕೊಂಡ ಜೋಡಿಯ ಬಳಿ ಹೋದಾಗ ಉತ್ತರ ಬಾಯಿಗೆ ಬಂದುಬಿಡುತ್ತದೆ. ಅದನ್ನು ತಡೆಯಲು ಮೂರು ಚೀಟಿಗಳನ್ನು ಮೊದಲೇ ಬರೆದಿಡಿ. ಒಂದನೆಯದು: "ಪೂರ್ತಿ ಒಣಗಿದಾಗ ಅಂಗಿಯ ತೂಕ ಎಷ್ಟಿರಬೇಕು?" ಎರಡನೆಯದು: "ಒಂದು ಗಂಟೆಯಲ್ಲಿ ಕಡಿಮೆಯಾದದ್ದು ಅಂಗಿಯೋ, ನೀರೋ?" ಮೂರನೆಯದರಲ್ಲಿ ಸಮಯ ಮತ್ತು ತೂಕದ ಅರ್ಧ ತುಂಬಿದ ಪಟ್ಟಿ. ಕೇಳಿದವರಿಗೆ ಒಂದೊಂದಾಗಿ ಕೊಡಿ. ಯಾರಿಗೆ ಮೂರೂ ಬೇಕಾಯಿತೆಂಬುದು ನಿಮಗೆ ಆ ದಿನದ ದೊಡ್ಡ ಮಾಹಿತಿ.

ಮೊದಲು ವಿವರಿಸಿ ಆಮೇಲೆ ಲೆಕ್ಕ ಕೊಡಬೇಕೋ, ಮೊದಲು ಒದ್ದಾಡಲು ಬಿಟ್ಟು ಆಮೇಲೆ ವಿವರಿಸಬೇಕೋ ಎಂಬುದು ಹಳೆಯ ಜಗಳ. ಹೊಸಬರಿಗೆ ಮಾರ್ಗದರ್ಶನವಿಲ್ಲದ ಅನ್ವೇಷಣೆ ಬರೀ ಹೊರೆ, ಬಿಡಿಸಿ ತೋರಿಸಿದ ಉದಾಹರಣೆಗಳೇ ಮೇಲು ಎಂದು ಶಿಕ್ಷಣ ಸಂಶೋಧಕರಾದ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ 2006ರಲ್ಲಿ ಬಲವಾಗಿ ವಾದಿಸಿದರು. ಮೊದಲು ಸ್ವಲ್ಪ ಸೋತು ನಂತರ ವಿವರಣೆ ಕೇಳಿದ ಮಕ್ಕಳಿಗೆ ಪರಿಕಲ್ಪನೆ ಆಳವಾಗಿ ನಿಲ್ಲುತ್ತದೆ ಎಂಬುದು ಇನ್ನೊಬ್ಬ ಸಂಶೋಧಕ ಮನು ಕಪೂರ್ ಅವರ ಅಧ್ಯಯನಗಳ ಸಾರ. ತರಗತಿಯ ಮಟ್ಟಿಗೆ ಇವು ಎದುರುಬದುರಲ್ಲ. ಮಗುವಿಗೆ ಕೈಹಾಕಲು ಸಾಕಾಗುವಷ್ಟು ಹಳೆಯ ಜ್ಞಾನ ಇರುವಲ್ಲಿ (ಇಲ್ಲಿ ವ್ಯವಕಲನ, ಭಾಗಾಕಾರ, ಬಟ್ಟೆ ಒಣಗಿಸಿದ ಅನುಭವ) ಮೊದಲು ಬಿಡಿ, ಆದರೆ 12 ನಿಮಿಷಕ್ಕೆ ಮೀರದಂತೆ. ಆಮೇಲಿನ ವಿವರಣೆಯನ್ನು ಮಾತ್ರ ಎಂದೂ ಬಿಡಬೇಡಿ. "ಮಕ್ಕಳೇ ಕಂಡುಕೊಂಡರು" ಎಂದು ವಿವರಣೆಯಿಲ್ಲದೆ ಮುಗಿಸಿದ ಪಾಠದಲ್ಲಿ ಕಂಡುಕೊಂಡವರು ಆ ನಾಲ್ಕೇ ಜನ.

ಬೇಗ ಮುಗಿಸಿದವರಿಗೆ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಗಂಟೆಗೆ 15 ಗ್ರಾಂ ಎಂಬ ವೇಗ ರಾತ್ರಿಯಿಡೀ ಹಾಗೇ ಇರುತ್ತದೆಯೇ? ಇರುವುದಿಲ್ಲ. ರಾತ್ರಿ ತಾಪ ಇಳಿದಂತೆ ಗಾಳಿಯ ಸಾಪೇಕ್ಷ ಆರ್ದ್ರತೆ (ಆ ತಾಪದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗಾಗಲೇ ಇರುವ ಪಾಲು) ಏರುತ್ತದೆ, ಬಟ್ಟೆ ಒಣಗುತ್ತಾ ಬಂದಂತೆ ಕೊನೆಯ ನೀರು ನಿಧಾನವಾಗಿ ಬಿಡುತ್ತದೆ. ಲೆಕ್ಕ ಹೇಳಿದ ಸಮಯಕ್ಕಿಂತ ನಿಜವಾದ ಸಮಯ ಹೆಚ್ಚು.

ಎರಡನೇ ಪೀರಿಯಡ್: ಮಡಕೆಯ ಬೆವರು, ಲೋಟದ ಹನಿ

ಎಲ್ಲರೂ ಒಪ್ಪುವ ವಿಷಯ ಚರ್ಚೆಗೆ ಬಾರದು. ಅಭಿಪ್ರಾಯದ ಮಟ್ಟದಲ್ಲೇ ನಿಂತುಬಿಡುವ ವಿಷಯವೂ ವಿಜ್ಞಾನದ ತರಗತಿಗೆ ಹೊಂದುವುದಿಲ್ಲ. ಮಕ್ಕಳು ನಿಜವಾಗಿ ಎರಡು ಪಾಲಾಗಬೇಕು, ಕೊನೆಗೆ ಮೇಜಿನ ಮೇಲಿನ ವಸ್ತುವೇ ತೀರ್ಪು ಕೊಡಬೇಕು. ಈ ಪಾಠದಲ್ಲಿ ಅಂಥ ಪ್ರಶ್ನೆ ಒಂದಿದೆ:

"ನೀರು ತುಂಬಿದ ಮಣ್ಣಿನ ಮಡಕೆಯ ಹೊರಮೈ ಒದ್ದೆ. ಐಸ್ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈಯೂ ಒದ್ದೆ. ಆ ನೀರು ಎಲ್ಲಿಂದ ಬಂತು? 1) ಎರಡರಲ್ಲೂ ಒಳಗಿನಿಂದ. 2) ಎರಡರಲ್ಲೂ ಗಾಳಿಯಿಂದ. 3) ಮಡಕೆಯದು ಒಳಗಿನಿಂದ, ಲೋಟದ್ದು ಗಾಳಿಯಿಂದ. 4) ಮಡಕೆಯದು ಗಾಳಿಯಿಂದ, ಲೋಟದ್ದು ಒಳಗಿನಿಂದ."

ಸರಿಯುತ್ತರ ಮೂರನೆಯದು. ಮಡಕೆಯ ಗೋಡೆಯಲ್ಲಿ ಸಣ್ಣ ರಂಧ್ರಗಳಿವೆ, ನೀರು ಜಿನುಗಿ ಹೊರಗೆ ಬಂದು ಆವಿಯಾಗುತ್ತದೆ. ಸ್ಟೀಲಿನಲ್ಲಿ ರಂಧ್ರವಿಲ್ಲ. ತಣ್ಣಗಿನ ಗೋಡೆಗೆ ತಗುಲಿದ ಗಾಳಿಯ ನೀರಾವಿಯೇ ಹನಿಗಟ್ಟುತ್ತದೆ. "ಲೋಟ ಸೋರುತ್ತದೆ" ಎನ್ನುವ ಮಗುವನ್ನು ದಡ್ಡ ಎಂದುಕೊಳ್ಳಬೇಡಿ. ಹನಿಗಳು ನೀರಿನ ಮಟ್ಟದವರೆಗೆ ಮಾತ್ರ ಕೂರುವುದನ್ನು ಅದು ನೋಡಿದೆ. ಒಳಗೆ ನೀರಿದ್ದಲ್ಲೇ ಹೊರಗೆ ಹನಿ ಇದೆ ಎಂದರೆ ಸೋರಿರಬೇಕು ಎಂಬ ತರ್ಕದಲ್ಲಿ ಬುದ್ಧಿಯಿದೆ. ಅದಕ್ಕೆ ಗೌರವದಿಂದ ಉತ್ತರ ಸಿಗಬೇಕು.

ನಡೆಸುವ ಕ್ರಮ ಹೀಗೆ. ಪ್ರಶ್ನೆ ಬೋರ್ಡಿನ ಮೇಲೆ. 2 ನಿಮಿಷ ಮೌನ. ಪ್ರತಿಯೊಬ್ಬರೂ ಉತ್ತರದ ಸಂಖ್ಯೆ ಮತ್ತು "ಏಕೆಂದರೆ" ಎಂದು ಒಂದು ಸಾಲು ಬರೆಯಬೇಕು. ನಂತರ ನೀವು ಒಂದು, ಎರಡು, ಮೂರು ಎಂದ ಕೂಡಲೇ ಎಲ್ಲರೂ ಒಟ್ಟಿಗೆ, ಎದೆಗೆ ತಾಗಿಸಿ, ಬೆರಳಿನಲ್ಲಿ ಉತ್ತರ ತೋರಿಸಬೇಕು. ಕೈ ಮೇಲೆತ್ತಿಸಿದರೆ ಹಿಂದಿನವರು ಮುಂದಿನವರನ್ನು ನೋಡಿ ಬದಲಿಸುತ್ತಾರೆ. ಎಣಿಸಿ ಬೋರ್ಡಿನಲ್ಲಿ ಬರೆಯಿರಿ, ಯಾವುದು ಸರಿ ಎಂದು ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಹಾರ್ವರ್ಡಿನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಸರಿಯುತ್ತರ ಕೊಟ್ಟವರು ನೂರಕ್ಕೆ 30ರಿಂದ 70ರಷ್ಟು ಇದ್ದಾಗಲೇ ಚರ್ಚೆಗೆ ಫಲ ಹೆಚ್ಚು. ನಿಮ್ಮ ತರಗತಿಯಲ್ಲಿ 16ರಿಂದ 36 ಮಕ್ಕಳು. ಅದಕ್ಕಿಂತ ಕಡಿಮೆಯಿದ್ದರೆ ಚರ್ಚೆಯಲ್ಲಿ ತಪ್ಪೇ ಗಟ್ಟಿಯಾಗುತ್ತದೆ, ನೇರ ಪ್ರಯೋಗಕ್ಕೆ ಹೋಗಿ. ಹೆಚ್ಚಿದ್ದರೆ ಎರಡು ನಿಮಿಷ ವಿವರಿಸಿ ಮುಂದೆ ಸಾಗಿ.

ಈಗ ಮಾತು. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿದರೆ ನಾಲ್ವರ ಗುಂಪು, 52 ಜನರಿಗೆ 13 ಗುಂಪು. ಬೆಂಚು ಎಳೆಯಬೇಕಾಗಿಲ್ಲ. ಕೊಡುವ ಸಮಯ 4 ನಿಮಿಷ, ಗಡಿಯಾರ ನೋಡಿ. ಹತ್ತು ನಿಮಿಷ ಕೊಟ್ಟಲ್ಲಿ ಮೊದಲ ನಾಲ್ಕು ನಿಮಿಷ ಪಾಠ, ಉಳಿದ ಆರು ನಿಮಿಷ ಊರ ಜಾತ್ರೆಯ ಸುದ್ದಿ. ನೀವು ಗದ್ದಲ ಎನ್ನುವುದರಲ್ಲಿ ಬಹುಪಾಲು ಈ ಹೆಚ್ಚುವರಿ ಸಮಯದ ಕೂಸು. ಬೋರ್ಡಿನ ಮೂಲೆಯಲ್ಲಿ ಎರಡು ಸಾಲು ಬರೆದಿರಲಿ: "ನಿನ್ನ ಮಾತು ನಿಜವಾದರೆ ಹೀಗಾಗಬೇಕಿತ್ತು, ಆದರೆ…" ಮತ್ತು "ಅದನ್ನು ಹೇಗೆ ಪರೀಕ್ಷಿಸಬಹುದು?" ಮೊದಲ ವಾರ ಮಕ್ಕಳು ಇವನ್ನು ಗಿಣಿಪಾಠದಂತೆ ಹೇಳುತ್ತಾರೆ. ಹೇಳಲಿ, ವಾದ ಮಾಡುವ ಭಾಷೆ ಬಾಯಿಗೆ ಹತ್ತುವುದು ಹಾಗೆಯೇ. ಗುಂಪಿನೊಳಗೆ ಮನೆಮಾತು, ಊರಿನ ಆಡುನುಡಿ ಏನಾದರೂ ಇರಲಿ. ಲಂಬಾಣಿಯಲ್ಲೋ ತುಳುವಿನಲ್ಲೋ ಉರ್ದುವಿನಲ್ಲೋ ವಾದ ಮಾಡಿದ ಮಗುವಿಗೆ ಸಾಂದ್ರೀಕರಣ (ಆವಿ ಹನಿಗಟ್ಟುವುದು) ಎಂಬ ಪದವನ್ನು ಆಮೇಲೆ ಕೊಡಬಹುದು. ಪದ ಬಾರದೆ ಬಾಯಿ ಕಟ್ಟಿದ ಮಗುವಿನಿಂದ ವಿಚಾರವನ್ನು ಹೊರತೆಗೆಯುವುದು ಕಷ್ಟ.

ಯಾರು ವರದಿ ಹೇಳಬೇಕೆಂದು ಚರ್ಚೆ ಮುಗಿದ ಮೇಲೆ ಚೀಟಿ ಎತ್ತಿ ಹೇಳಿ, ಮೊದಲೇ ಹೇಳಬೇಡಿ. ಮೊದಲೇ ಹೇಳಿದರೆ ಉಳಿದ ಮೂವರು ಕೈಬಿಡುತ್ತಾರೆ. ಹಿಂದೆ ಕುಳಿತ, ಎಂದೂ ದನಿ ಎತ್ತದ ಹುಡುಗಿಯ ಹೆಸರು ಬಂದಾಗ ಅವಳ ಕೈಯಲ್ಲಿ ಈಗಾಗಲೇ ಬರೆದ ಒಂದು ಸಾಲು ಇರುತ್ತದೆ, ಅದನ್ನು ಓದಿದರೂ ಸಾಕು. ಆ ಎರಡು ನಿಮಿಷದ ಮೌನ ಬರವಣಿಗೆ ಬೇಕಾದದ್ದು ಇದಕ್ಕಾಗಿಯೇ.

ಶಿಕ್ಷಕರ ಕಡೆಯಿಂದ ಆಗುವ ಎರಡು ತಪ್ಪುಗಳು ಚರ್ಚೆಯನ್ನು ಕೊಲ್ಲುತ್ತವೆ. ಮೊದಲ ಸರಿಯುತ್ತರ ಬಂದ ಕೂಡಲೇ "ಶಭಾಷ್" ಎನ್ನುವುದು ಒಂದು. ಆಮೇಲೆ ಯಾರೂ ಯೋಚಿಸುವುದಿಲ್ಲ. ಮಗು ಹೇಳಿದ್ದನ್ನು ನಾವೇ ಗಟ್ಟಿಯಾಗಿ ಮತ್ತೆ ಹೇಳುವುದು ಇನ್ನೊಂದು. ಮಕ್ಕಳು ಒಬ್ಬರ ಮಾತನ್ನೊಬ್ಬರು ಕೇಳುವುದನ್ನು ಬಿಟ್ಟು ನಮ್ಮ ಪ್ರತಿಧ್ವನಿಗಾಗಿ ಕಾಯುತ್ತಾರೆ. ಇದರ ಜೊತೆಗೆ ನಮ್ಮ ಆತುರ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಿಕೆಗಳನ್ನು ಪರೀಕ್ಷಿಸಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದೇ ಸೆಕೆಂಡ್ ಎಂದು ಕಂಡಿತು. 3 ಸೆಕೆಂಡ್ ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೊದಮೊದಲು ಆ ಮೌನ ಹಿಂಸೆ ಎನಿಸುತ್ತದೆ.

ಚರ್ಚೆಯ ನಂತರ ಮತ್ತೊಮ್ಮೆ ಬೆರಳು, ಆಮೇಲೆ ಪರೀಕ್ಷೆ. ಒಂದೇ ರೀತಿಯ ಎರಡು ಸ್ಟೀಲ್ ಲೋಟ, ಒಂದರಲ್ಲಿ ಐಸ್ ನೀರು, ಇನ್ನೊಂದರಲ್ಲಿ ಸಾಧಾರಣ ನೀರು, ಎರಡೂ ಒಂದೇ ಮಟ್ಟಕ್ಕೆ. ಲೋಟ ಸೋರುವುದಾದರೆ ಎರಡೂ ಸೋರಬೇಕು. ಐಸ್ ಲೋಟಕ್ಕೆ ಶಾಯಿಯ ಎರಡು ಹನಿ ಬೆರೆಸಿ, ಹೊರಗಿನ ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿ. ಬಣ್ಣವಿರುವುದಿಲ್ಲ. ಶಾಯಿಯ ಪರೀಕ್ಷೆಯನ್ನು ಮಡಕೆಗೆ ಮಾಡಬೇಡಿ, ಮಣ್ಣು ಬಣ್ಣವನ್ನು ಹಿಡಿದುಕೊಂಡು ತಪ್ಪು ತೀರ್ಪು ಕೊಡಬಹುದು. ಲೋಟವನ್ನು ತೂಗಿ ತೋರಿಸುವ ಆಸೆಯೂ ಬೇಡ, ಹನಿಗಳ ತೂಕ ತೀರಾ ಕಡಿಮೆ, ಅಡುಗೆಮನೆಯ ತಕ್ಕಡಿ ತೋರಿಸದೇ ಇರಬಹುದು. ಬೇಸಿಗೆಯ ಒಣಹವೆಯಲ್ಲಿ, ವಿಜಯಪುರ, ಕಲಬುರಗಿ ಕಡೆ, ಬರಿಯ ತಣ್ಣೀರಿನ ಲೋಟಕ್ಕೆ ಹನಿ ಕೂರುವುದೇ ಇಲ್ಲ. ಐಸ್ ಜೊತೆ ಒಂದು ಹಿಡಿ ಉಪ್ಪು ಹಾಕಿದರೆ ತಾಪ ಸೊನ್ನೆಗಿಂತ ಕೆಳಗಿಳಿಯುತ್ತದೆ, ಹನಿಯೋ ಹಿಮದ ಪೊರೆಯೋ ಏನಾದರೊಂದು ಬರುತ್ತದೆ. ಪೀರಿಯಡ್ಡಿಗೆ ಮೊದಲೇ ಒಮ್ಮೆ ಮಾಡಿ ನೋಡಿಕೊಳ್ಳಿ.

ಮೂರನೇ ಪೀರಿಯಡ್ ಮತ್ತು ಮುಂದೆ: ಮಕ್ಕಳ ಸಂಶೋಧನೆ

ಚಾರ್ಟಿನ ಕಾಟ ಶುರುವಾಗುವುದು "ವಿಷಯ" ಕೊಡುವುದರಿಂದ. "ಆವಿಯಾಗುವಿಕೆ" ಎಂಬ ವಿಷಯ ಕೊಟ್ಟರೆ ಮೊಬೈಲ್ ಎರಡು ಪುಟ ಕೊಡುತ್ತದೆ. "ನಮ್ಮ ಶಾಲೆಯ ವರಾಂಡದಲ್ಲಿಟ್ಟ ಮಡಕೆ ಮತ್ತು ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟ ಮಡಕೆ, 3 ಗಂಟೆಯಲ್ಲಿ ಯಾವುದು ಎಷ್ಟು ಗ್ರಾಂ ನೀರು ಕಳೆದುಕೊಳ್ಳುತ್ತದೆ?" ಎಂಬುದಕ್ಕೆ ಉತ್ತರ ಯಾವ ಮೊಬೈಲಿನಲ್ಲೂ ಇಲ್ಲ. ಬದಲಿಸುವುದು ಒಂದು, ಅಳೆಯುವುದು ಒಂದು, ಜಾಗ ಮತ್ತು ಅವಧಿ ಗೊತ್ತು. ಈ ನಾಲ್ಕೂ ಇಲ್ಲದ ಪ್ರಶ್ನೆಯನ್ನು ವಾಪಸು ಕಳಿಸಿ.

13 ಗುಂಪಿಗೆ 13 ಪ್ರಶ್ನೆ ಬೇಡ. ನಾಲ್ಕು ಪ್ರಶ್ನೆ ಸಾಕು, ಪ್ರತಿಯೊಂದನ್ನೂ ಮೂರು ಗುಂಪು ಮಾಡಲಿ, ಒಂದನ್ನು ನಾಲ್ಕು. ಒಂದೇ ಪ್ರಶ್ನೆಗೆ ಮೂರು ಗುಂಪುಗಳ ಅಂಕಿ ಬೇರೆ ಬೇರೆ ಬಂದಾಗಲೇ ನಿಜವಾದ ವಿಜ್ಞಾನದ ಮಾತು ಶುರುವಾಗುತ್ತದೆ. ಮೊದಲನೆಯದು ಮೇಲೆ ಹೇಳಿದ್ದು, ಗಾಳಿಗೆ ಸಂಬಂಧಿಸಿದ್ದು. ಎರಡನೆಯದು: ಮಣ್ಣಿನ ಮಡಕೆಗೂ, ಹೊರಮೈಗೆ ಎಣ್ಣೆಬಣ್ಣ ಬಳಿದ ಅಂಥದೇ ಮಡಕೆಗೂ ನೀರಿನ ತಾಪದಲ್ಲಿ ವ್ಯತ್ಯಾಸ ಎಷ್ಟು. ಮೂರನೆಯದು: 100 ಮಿಲಿ ನೀರನ್ನು ಊಟದ ತಟ್ಟೆಯಲ್ಲೂ ಲೋಟದಲ್ಲೂ ಇಟ್ಟರೆ ಯಾವುದು ಎಷ್ಟು ಕಳೆದುಕೊಳ್ಳುತ್ತದೆ. ನಾಲ್ಕನೆಯದು: ಹತ್ತಿ ಅಂಗಿ ಮತ್ತು ಪಾಲಿಯೆಸ್ಟರ್ ಅಂಗಿ, ನೀರಿನಲ್ಲಿ ನೆನೆಸಿ ಹಿಂಡಿದಾಗ ಎಷ್ಟೆಷ್ಟು ನೀರು ಹಿಡಿದಿರುತ್ತವೆ, ಗಂಟೆಗೆ ಎಷ್ಟು ಬಿಡುತ್ತವೆ. ಕರವಸ್ತ್ರದ ತುಂಡು ಬಳಸಬೇಡಿ, ಅದರ ನೀರು ಕೆಲವೇ ಗ್ರಾಂ, ತಕ್ಕಡಿಯ ದೋಷದಲ್ಲಿ ಮುಳುಗಿಹೋಗುತ್ತದೆ.

ಬೇಕಾದ ಸಾಮಾನು: ಒಂದು ಲೀಟರ್ ಹಿಡಿಯುವ ಹನ್ನೆರಡು ಸಣ್ಣ ಮಡಕೆ, ಅಷ್ಟೇ ಮುಚ್ಚಳ ಮತ್ತು ಕೆಳಗಿಡುವ ತಟ್ಟೆ, 5 ಕೆ.ಜಿ.ವರೆಗೆ ತೂಗುವ 1 ಗ್ರಾಂ ಸೂಕ್ಷ್ಮತೆಯ ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು, ಪ್ರಯೋಗಾಲಯದ ಥರ್ಮಾಮೀಟರ್ ಎರಡು. ಜ್ವರದ ಥರ್ಮಾಮೀಟರ್ ನಡೆಯದು, ಅದು ತೋರಿಸುವುದೇ 35 ಡಿಗ್ರಿಯಿಂದ ಮೇಲೆ. ಪಾದರಸದ್ದು ಒಡೆದರೆ ಅಪಾಯ, ಕೆಂಪು ಆಲ್ಕೊಹಾಲಿನದು ಇರಲಿ.

ಅಳತೆಯಲ್ಲಿ ಕೆಡುವ ಜಾಗಗಳು ಬಹಳ, ಇಲ್ಲಿ ಸ್ವಲ್ಪ ನಿಧಾನಿಸಿ. ಹೊಸ ಮಡಕೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಒಣ ಮಡಕೆಯ ಗೋಡೆ ನೀರು ಕುಡಿಯುತ್ತದೆ, ಒಳಗಿನ ಮಟ್ಟ ಇಳಿದದ್ದನ್ನು ಮಕ್ಕಳು ಆವಿ ಎಂದುಕೊಳ್ಳುತ್ತಾರೆ. ಆದ್ದರಿಂದ ಮಟ್ಟ ಅಳೆಯದೆ ತೂಕವನ್ನೇ ಅಳೆಯಿರಿ: ಮಡಕೆ, ನೀರು, ಮುಚ್ಚಳ, ಕೆಳಗಿನ ತಟ್ಟೆ ಎಲ್ಲ ಸೇರಿಸಿ. ತಟ್ಟೆ ಬಿಟ್ಟರೆ ತೊಟ್ಟಿಕ್ಕಿದ ನೀರೂ ಆವಿಯ ಲೆಕ್ಕಕ್ಕೆ ಸೇರುತ್ತದೆ. ಮುಚ್ಚಳ ಇಲ್ಲದಿದ್ದರೆ ಬಾಯಿಯಿಂದ ಹೋದ ನೀರು ಗೋಡೆಯ ಲೆಕ್ಕವನ್ನು ಕೆಡಿಸುತ್ತದೆ. ಥರ್ಮಾಮೀಟರನ್ನು ನೀರಿನಲ್ಲೇ ಇಟ್ಟು ಓದಬೇಕು. ಹೊರತೆಗೆದು ಕಣ್ಣಿನ ಬಳಿ ಹಿಡಿದರೆ ಒದ್ದೆ ಬಲ್ಬಿನಿಂದ ನೀರು ಆರಿ ಓದು ಬದಲಾಗುತ್ತದೆ, ಅದೂ ಆವಿಯಾಗುವಿಕೆಯದೇ ಕೆಲಸ. ಪ್ರತಿ ಬಾರಿಯೂ ಕೋಣೆಯ ತಾಪವನ್ನೂ ಬರೆಯಬೇಕು. ಎರಡು ಮಡಕೆ ಎಂದೂ ಒಂದೇ ತರಹ ಇರುವುದಿಲ್ಲ, ಒಂದರ ಗೋಡೆ ದಪ್ಪ, ಒಂದು ಹೆಚ್ಚು ಬೆಂದಿದೆ. ಅದಕ್ಕಾಗಿ ಮೊದಲ ಪ್ರಶ್ನೆಯವರು ಮರುದಿನ ಮಡಕೆಗಳ ಜಾಗ ಅದಲುಬದಲು ಮಾಡಿ ಮತ್ತೆ ತೂಗಬೇಕು. ಎರಡೂ ದಿನ ಗಾಳಿಯ ಜಾಗವೇ ಗೆದ್ದರೆ ಅದು ಗಾಳಿಯ ಗುಣ. ಎರಡೂ ದಿನ ಒಂದೇ ಮಡಕೆ ಗೆದ್ದರೆ ಅದು ಮಡಕೆಯ ಗುಣ. ಎರಡನೇ ಪ್ರಶ್ನೆಯಲ್ಲಿ ಅದಲುಬದಲಿಗೆ ದಾರಿಯಿಲ್ಲ, ಬಣ್ಣ ಬಳಿಯುವ ಮೊದಲು ಎರಡೂ ಮಡಕೆಗಳನ್ನು ಒಂದು ದಿನ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿ. ಇನ್ನೊಂದು ಮಾತು: ಮಡಕೆ ಕಂಡರೆ ಯಾರಾದರೂ ನೀರು ಕುಡಿದೇ ಕುಡಿಯುತ್ತಾರೆ. "ಪ್ರಯೋಗದ ನೀರು, ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ, ಪಕ್ಕದಲ್ಲೇ ಕುಡಿಯುವ ನೀರು ಬೇರೆ ಇಡಿ.

ತಕ್ಕಡಿ ಒಂದೇ ಇರುವುದರಿಂದ 10, 11, 12 ಮತ್ತು 1 ಗಂಟೆಗೆ ಸರದಿಯಲ್ಲಿ ಗುಂಪಿಗೆ ಇಬ್ಬರು ಮಾತ್ರ ಬಂದು ತೂಗಲಿ. ಗುಂಪಿಗೆ ಒಂದು ನಿಮಿಷ ಎಂದರೂ ಕಾಲು ಗಂಟೆ ಬೇಕು. ಪೀರಿಯಡ್ ಬದಲಾಗುವ ಹೊತ್ತಿನಲ್ಲಿ ಮುಗಿಯದ್ದಕ್ಕೆ ಉಳಿದ ಶಿಕ್ಷಕರ ಒಪ್ಪಿಗೆ ಮೊದಲೇ ಪಡೆದಿರಿ. ಗುಂಪು ತೂಗಿದ ನಿಖರ ಸಮಯವನ್ನೇ ಬರೆಯಬೇಕು: 11.07 ಆದರೆ 11.07. ಒಡೆಯದ ಉಪ್ಪಿನ ಪ್ಯಾಕೆಟ್ ಒಂದನ್ನು ತಕ್ಕಡಿಯ ಪಕ್ಕ ಇಟ್ಟು ಪ್ರತಿ ಸುತ್ತಿನ ಮೊದಲು ತೂಗಿ. ಅದರ ತೂಕ ಬದಲಾಗಿದೆ ಎಂದರೆ ಕೆಟ್ಟದ್ದು ತಕ್ಕಡಿ.

ಅಂಕಿಗಳನ್ನು ಪೆನ್ನಿನಲ್ಲೇ ಬರೆಸಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ರಬ್ಬರ್ ಬೇಡ. ತೂಗುವ ಮೊದಲೇ ಪ್ರತಿ ಮಗು ತನ್ನ ಊಹೆಯನ್ನು ಬರೆದಿರಬೇಕು. ಊಹೆ ತಪ್ಪಾದವರಿಗೆ ಅಂಕ ಕಡಿಮೆಯಾಗದು ಎಂದು ಜೋರಾಗಿ ಹೇಳಿ. ಇಲ್ಲದಿದ್ದರೆ ಅಂಕಿಗಳು ಊಹೆಗೆ ತಕ್ಕಂತೆ ಬಾಗುತ್ತವೆ.

ನಾಲ್ಕನೇ ಪೀರಿಯಡ್ ಲೆಕ್ಕಕ್ಕೆ. ಒಂದು ಮಡಕೆ 3 ಗಂಟೆಯಲ್ಲಿ 30 ಗ್ರಾಂ ಕಳೆದುಕೊಂಡಿತು ಎನ್ನೋಣ. ಕೋಣೆಯ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು (ಕುದಿಯುವಾಗ 2.26). ಒಟ್ಟು 72 ಕಿಲೋಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದ ಶಾಖ 4.2 ಕಿಲೋಜೂಲ್. ಭಾಗಿಸಿದರೆ 17 ಡಿಗ್ರಿ ಇಳಿಯಬೇಕು, ಆದರೆ ಥರ್ಮಾಮೀಟರ್ ಅಷ್ಟು ಇಳಿದಿರುವುದಿಲ್ಲ. "ಉಳಿದ ತಂಪು ಎಲ್ಲಿ ಹೋಯಿತು?" ಎಂದು ಕೇಳಿ, ಕಾಯಿರಿ. ಹೊರಗಿನ ಬಿಸಿಗಾಳಿ ಪೂರ್ತಿ ಸಮಯ ಮಡಕೆಗೆ ಶಾಖ ಕೊಡುತ್ತಲೇ ಇತ್ತು, ಮಡಕೆಯ ಮಣ್ಣೂ ತಣಿಯಬೇಕಿತ್ತು ಎಂಬುದು ಯಾವುದೋ ಮೂಲೆಯಿಂದ ಬಂದೇ ಬರುತ್ತದೆ.

ಐದನೇ ಪೀರಿಯಡ್ಡಿನಲ್ಲಿ ಪ್ರತಿ ಮಗು ಒಂದೇ ಪುಟದ ವರದಿ ಬರೆಯುತ್ತದೆ: ಪ್ರಶ್ನೆ, ಪಟ್ಟಿ, ಸಮಯಕ್ಕೆ ಎದುರಾಗಿ ತೂಕದ ನಕ್ಷೆ, ಎರಡು ಸಾಲಿನ ತೀರ್ಮಾನ, ಮತ್ತು "ನಮ್ಮ ಅಳತೆ ಎಲ್ಲಿ ತಪ್ಪಿರಬಹುದು" ಎಂಬ ಒಂದು ಸಾಲು. ಅಳತೆ ಗುಂಪಿನದು, ಬರವಣಿಗೆ ಒಬ್ಬೊಬ್ಬರದು. ಹತ್ತು ಅಂಕಕ್ಕೆ ಹೀಗೆ ಹಂಚಿ: ಮೂಲ ಅಂಕಿಗಳ ಪಟ್ಟಿಗೆ 3, ಉಳಿದದ್ದನ್ನೆಲ್ಲ ಸಮನಾಗಿ ಇಟ್ಟದ್ದಕ್ಕೆ 2, ನಕ್ಷೆಗೆ 2, ತೀರ್ಮಾನ ತಮ್ಮದೇ ಅಂಕಿಗಳಿಗೆ ಹೊಂದಿದ್ದರೆ 2, ಅನುಮಾನದ ಸಾಲಿಗೆ 1. ಅಲಂಕಾರಕ್ಕೆ ಸೊನ್ನೆ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಚಟುವಟಿಕೆಯಾಗಿ ಇದೇ ಪುಟವನ್ನು ಫೈಲಿಗೆ ಸೇರಿಸಬಹುದು, ಬೇರೆ ಚಾರ್ಟ್ ಏಕೆ? ಮಧ್ಯಪ್ರದೇಶದಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾಗಿ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಪರೀಕ್ಷೆಯನ್ನೇ ಬದಲಿಸಿತ್ತು. ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ, ಜೊತೆಗೆ ಕೈಯಾರೆ ಪ್ರಯೋಗ. ವಾರ್ಷಿಕ ಪರೀಕ್ಷೆ ನಿಮ್ಮ ಕೈಯಲ್ಲಿಲ್ಲ. ಆದರೆ ಕಿರುಪರೀಕ್ಷೆ ನಿಮ್ಮದೇ. ಅದರಲ್ಲಿ "ಆವಿಯಾಗುವಿಕೆ ಎಂದರೇನು" ಎಂಬುದರ ಜೊತೆಗೆ ಬೇರೊಂದು ಗುಂಪಿನ ಅಂಕಿಗಳ ಪಟ್ಟಿ ಕೊಟ್ಟು ಎರಡು ಪ್ರಶ್ನೆ ಕೇಳಿ. ಕೇಳದಿದ್ದರೆ ಮಕ್ಕಳು ಐದು ಪೀರಿಯಡ್ಡಿನ ಕೆಲಸವನ್ನು ಆಟ ಎಂದುಕೊಳ್ಳುತ್ತಾರೆ.

ಪೋರ್ಷನ್ ವಿಚಾರ. ಎಲ್ಲ ಪಾಠಕ್ಕೂ ಇದನ್ನು ಮಾಡಬೇಡಿ, ಮಾಡಲಾಗದು. ಪೂರ್ತಿ ಕ್ರಮಕ್ಕೆ ಸೆಮಿಸ್ಟರಿಗೆ ಎರಡು ಪಾಠ ಸಾಕು. ಉಳಿದ ಕಡೆ ಬೆರಳಿನ ಉತ್ತರ ಮತ್ತು ನಾಲ್ಕು ನಿಮಿಷದ ಮಾತು, ಒಟ್ಟು ಹತ್ತು ನಿಮಿಷ, ಅಷ್ಟೇ ಇರಲಿ. ಧಾತುಗಳ ಸಂಕೇತ, ಏಕಮಾನಗಳು, ಆಮ್ಲ ಬಳಸುವಾಗಿನ ಎಚ್ಚರಿಕೆ ಇಂಥವನ್ನು ನೇರವಾಗಿ ಹೇಳಿ ಬರೆಸಿ. ಜನ ಒಪ್ಪಿಕೊಂಡು ಮಾಡಿದ ಸಂಕೇತವನ್ನು ಮಗು ಚರ್ಚಿಸಿ ಕಂಡುಹಿಡಿಯುವುದು ಸಾಧ್ಯವಿಲ್ಲ. ಮೂರನ್ನೂ ಒಂದೇ ತಿಂಗಳಲ್ಲಿ ಶುರುಮಾಡುವುದೂ ಬೇಡ. ಮೊದಲ ತಿಂಗಳು ಬೆರಳಿನ ಉತ್ತರ ಮತ್ತು ಮೌನ ಬರವಣಿಗೆ ಮಾತ್ರ. ಅದು ಮಕ್ಕಳಿಗೆ ರೂಢಿಯಾದ ಮೇಲೆ ಸಮಸ್ಯೆಯ ನಾಲ್ಕು ಚೌಕ. ಸಂಶೋಧನೆ ಮೂರನೇ ತಿಂಗಳಿಗೆ.

ಅಂಕಿಗಳು ಚೆನ್ನಾಗಿ ಬಂದರೆ ಅವನ್ನು ಫೈಲಿನಲ್ಲಿ ಮಲಗಿಸಬೇಡಿ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳು ಇಂಥ ಸ್ಥಳೀಯ ಅಧ್ಯಯನಗಳನ್ನು ಕನ್ನಡದಲ್ಲೇ ಮಂಡಿಸಬಹುದು. ಇನ್ನೂ ಸುಲಭವಾದ ದಾರಿ ಕರಾವಳಿಯ ಒಂದು ಶಾಲೆಯ ಶಿಕ್ಷಕರ ಜೊತೆ ಮಾತಾಡಿಕೊಂಡು, ಒಂದೇ ದಿನ, ಒಂದೇ ಅಳತೆಯ ಮಡಕೆಯಲ್ಲಿ ಎರಡೂ ಕಡೆ ತೂಗುವುದು. ಮಂಗಳೂರಿನ ತೇವದ ಗಾಳಿಯಲ್ಲಿ ಮಡಕೆಯ ನೀರು ಸ್ವಲ್ಪವೇ ತಣಿಯುತ್ತದೆ, ಬಯಲುಸೀಮೆಯ ಬೇಸಿಗೆಯಲ್ಲಿ ಬಹಳ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ ಥರ್ಮಾಮೀಟರ್ ಎಷ್ಟು ತೋರಿಸುತ್ತದೋ ಮಡಕೆಯ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಎರಡೂ ಶಾಲೆಗಳಲ್ಲಿ ಆ ಓದನ್ನೂ ಬರೆದಿಟ್ಟುಕೊಳ್ಳಲು ಹೇಳಿ, ಎರಡು ಪಟ್ಟಿಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದಾಗ ಬೇಕಾಗುತ್ತದೆ.